ಮಳೆಗಾಲದ ಕತ್ತಲೆಗೆ ಸೋಲಾರ್ ಹಾಕಿಸಲೋ, ಮನೆ ಹಿಂದಿನ ಹಳ್ಳಕ್ಕೆ ಟರ್ಬೈನ್ ಕೂರಿಸಲೋ?

ಜಾವಳಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಜಾವಳಿ ಹತ್ತಿರ ತೋಟದೊಳಗಿನ ಒಂಟಿ ಮನೆ. ಜೂನ್ ಬಂತೆಂದರೆ ಕರೆಂಟಿನ ಪಾಡು ಈ ಕಡೆಯವರಿಗೆಲ್ಲ ಗೊತ್ತು. ಲೈನ್ ಮೇಲೆ ಮರ ಬಿದ್ದರೆ ಮೂರು ದಿನ, ನಾಲ್ಕು ದಿನ ಕತ್ತಲೆ. ಲೈನ್‌ಮನ್‌ಗಳನ್ನು ದೂರಲು ಮನಸ್ಸು ಬರುವುದಿಲ್ಲ. ಆ ಗಾಳಿ ಮಳೆಯಲ್ಲಿ ಕಂಬ ಹತ್ತುವವರು ಅವರೇ ಅಲ್ವಾ? ಯುಪಿಎಸ್ ಮೊದಲ ರಾತ್ರಿಗೇ ಕೈ ಕೊಡುತ್ತದೆ. ಈ ಜುಲೈನಲ್ಲಿ ಮಗಳು ಜೀಪಿನ ಒಳಗಿನ ಲೈಟ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಕೂತು ಪರೀಕ್ಷೆಗೆ ಓದಿದಳು.

ಇನ್ನೊಂದು ಚಿಂತೆ ಬಚ್ಚಲ ಒಲೆಯದು. ಐದು ಜನಕ್ಕೆ ಹಂಡೆ ಕಾಯಬೇಕು. ಮಳೆಗಾಲದಲ್ಲಿ ಸೌದೆಯೆಲ್ಲ ತೇವ, ಉರಿಗಿಂತ ಹೊಗೆ ಜಾಸ್ತಿ. ಅತ್ತೆಗೆ ಮೊದಲೇ ಕೆಮ್ಮು. ಬೆಳಿಗ್ಗೆ ಐದಕ್ಕೆ ಊದುಗೊಳವೆ ಹಿಡಿದು ಒಲೆ ಮುಂದೆ ಕೂರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

3 ಕಿಲೋವ್ಯಾಟ್ ಸೋಲಾರ್ ಹಾಕಿಸಿ, ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ ಎಂದು ಒಬ್ಬರು ಬಂದು ಹೇಳಿ ಹೋದರು. ನಮ್ಮ ಯಜಮಾನರು ಮನೆ ಹಿಂದಿನ ಹಳ್ಳ ತೋರಿಸಿ ಟರ್ಬೈನ್ ಅನ್ನುತ್ತಾರೆ. ಹಳ್ಳ ಜೂನ್‌ನಿಂದ ಡಿಸೆಂಬರ್‌ವರೆಗೆ ಚೆನ್ನಾಗಿ ಹರಿಯುತ್ತದೆ, ಮಾರ್ಚ್ ಹೊತ್ತಿಗೆ ಸೊರಗುತ್ತದೆ. ಹಾಕಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾಸನ ಪೇಟೆಯವನು:

ಅಕ್ಕಾ, ನಮ್ಮ ತಾರಸಿ ಮೇಲೆ 3 ಕಿಲೋವ್ಯಾಟ್ ಇದೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಬರುತ್ತದೆ. ಮೋಡ ಕವಿದ ದಿನ ಮೂರೋ ನಾಲ್ಕೋ. ಹಾಸನದಲ್ಲೇ ಹೀಗಾದರೆ ನಿಮ್ಮ ಜುಲೈ ಹೇಗಿರಬಹುದು ನೋಡಿ.

ಸಬ್ಸಿಡಿ ಹೇಳಿದವರು ಇದನ್ನು ಹೇಳಿದರೋ ಇಲ್ಲವೋ: ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಲೈನಿಗೇ ಜೋಡಿಸಿದ್ದು, ಹಾಕಿದರೆ, ಲೈನ್ ಕರೆಂಟ್ ಹೋದ ಕೂಡಲೇ ಇನ್ವರ್ಟರ್ ತಾನಾಗೇ ನಿಲ್ಲುತ್ತದೆ. ಮೇಲೆ ಬಿಸಿಲು ಉರಿಯುತ್ತಿದ್ದರೂ ಮನೆಯಲ್ಲಿ ಒಂದು ಬಲ್ಬು ಹತ್ತುವುದಿಲ್ಲ. ನಮ್ಮ ಮನೆಯ ಕರೆಂಟ್ ಲೈನಿಗೆ ಹೋಗಿ ಕಂಬದ ಮೇಲಿರುವವರಿಗೆ ಹೊಡೆಯಬಾರದು ಎಂದೇ ಹಾಗೆ ಮಾಡಿದ್ದಾರೆ. ಲೈನ್ ಹೋದಾಗಲೂ ಕರೆಂಟ್ ಬೇಕೆಂದರೆ ಬ್ಯಾಟರಿ, ಅದರ ಜೊತೆ ಓಡುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು. ಆ ಬ್ಯಾಟರಿ ತುಂಬಲಿಕ್ಕೂ ಬಿಸಿಲೇ ಬೇಕು.

ಹಾನುಬಾಳಿನಿಂದ:

ತಂಗೀ, ನಿಮ್ಮ ಯಜಮಾನರ ಮಾತು ಸರಿ. ಸಕಲೇಶಪುರ ತಾಲ್ಲೂಕಿನ ನಮ್ಮ ತೋಟದಲ್ಲಿ ಹನ್ನೊಂದು ವರ್ಷದಿಂದ ಸಣ್ಣ ಟರ್ಬೈನ್ ಓಡುತ್ತಿದೆ. ಚಕ್ರದ ಸುತ್ತ ಸೌಟಿನಂಥ ಬಟ್ಟಲುಗಳು, ಅದಕ್ಕೆ ನಾಜಲ್‌ನಿಂದ ನೀರು ಹೊಡೆಯುತ್ತದೆ, ಅಷ್ಟೇ. ಮಳೆ ಜೋರಾದಷ್ಟೂ ನಮಗೆ ಧೈರ್ಯ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ, ಎರಡನ್ನೂ ಗುಣಿಸಿ ಐದರಿಂದ ಗುಣಿಸಿ. ಹೆಚ್ಚುಕಡಿಮೆ ಅಷ್ಟು ವ್ಯಾಟ್. ನಮ್ಮದು 5 ಲೀಟರ್, 30 ಮೀಟರ್. ಸುಮಾರು 700 ವ್ಯಾಟ್ ಸಿಗುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಹಗಲೂ ರಾತ್ರಿ ಬರುವುದರಿಂದ ದಿನಕ್ಕೆ 16 ಯೂನಿಟ್ ದಾಟುತ್ತದೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ದುಡ್ಡು ಉಳಿಸಲು ಮೊದಲು 2 ಇಂಚಿನ ಪೈಪ್ ಎಳೆದೆ. ನೀರಿನ ಒತ್ತಡವೆಲ್ಲ ಪೈಪಿನ ಉಜ್ಜಾಟದಲ್ಲೇ ಹೋಯಿತು, ಬಲ್ಬು ಮಿಣುಕು ದೀಪದ ಹಾಗೆ ಉರಿಯಿತು. 3 ಇಂಚಿನದು ಹಾಕಿದ ಮೇಲೆ ಸರಿಹೋಯಿತು. ಪೈಪನ್ನು ಹೂಳಿ. ಮೇಲೆ ಬಿಟ್ಟಿದ್ದನ್ನು ಆನೆ ತುಳಿದು ಎರಡು ಸಲ ಚಪ್ಪಟೆ ಮಾಡಿತ್ತು. ನೀರು ಒಳಹೋಗುವ ಬಾಯಿಗೆ ಜಾಲರಿ ಹಾಕಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಹೋಗಿ ಎಲೆ ಬಳಿದು ಬರಬೇಕು. ಒಂದು ದಿನ ಸೋಮಾರಿತನ ಮಾಡಿದರೂ ರಾತ್ರಿ ಲೈಟ್ ಇಳಿಯುತ್ತದೆ.

ಈಗ ನಿಮ್ಮ ಅತ್ತೆಯವರ ವಿಷಯ. ಮನೆಯಲ್ಲಿ ಲೈಟ್ ಆರಿಸಿದರೆ ಚಕ್ರಕ್ಕೆ ಹೊರೆ ತಪ್ಪಿ ವೇಗ ಏರುತ್ತದೆ, ವೋಲ್ಟೇಜೂ ಏರುತ್ತದೆ. ಅದಕ್ಕೇ ಕಂಟ್ರೋಲರ್ ಇರುತ್ತದೆ. ಮಿಕ್ಕಿದ ಕರೆಂಟನ್ನು ಅದು ಹೀಟರ್ ಕಾಯಿಲ್‌ಗೆ ತಳ್ಳುತ್ತದೆ. ಆ ಕಾಯಿಲ್ ಸುಮ್ನೆ ಬಿಸಿಯಾಗಿ ಹಾಳಾಗುವ ಬದಲು ಸ್ನಾನದ ನೀರಿನ ಟ್ಯಾಂಕಿಗೆ ಬಿಟ್ಟಿದ್ದೇವೆ. ಎಲ್ಲರೂ ಮಲಗಿದ ಮೇಲೆ 500 ವ್ಯಾಟ್ ಎಂಟು ಗಂಟೆ ಹೋದರೆ ನಾಲ್ಕು ಯೂನಿಟ್. ಬೆಳಿಗ್ಗೆಗೆ 100 ಲೀಟರ್ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ನಮ್ಮ ಬಚ್ಚಲ ಗೋಡೆಗೆ ಸುಣ್ಣ ಹೊಡೆದು ನಾಲ್ಕು ವರ್ಷವಾಯಿತು, ಇನ್ನೂ ಬೆಳ್ಳಗಿದೆ. ಆದರೆ ತಾಮ್ರದ ಹಂಡೆಗೆ ಕಾಯಿಲ್ ಇಳಿಬಿಡಬೇಡಿ, ಶಾಕ್ ಹೊಡೆದೀತು. ಮುಚ್ಚಿದ ಗೀಸರ್ ಟ್ಯಾಂಕ್ ಇರಲಿ, ಅರ್ಥಿಂಗ್ ಸರಿಯಾಗಿರಲಿ. ಮನೆಗೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಒಮ್ಮೆಗೆ ಲೈನ್ ಇಲ್ಲವೇ ಟರ್ಬೈನ್, ಒಂದೇ ಜೋಡಣೆಯಾಗುವಂಥದ್ದು. ನಿಮ್ಮ ಕರೆಂಟ್ ಯಾವ ಕಾರಣಕ್ಕೂ ಹೊರಗಿನ ಲೈನಿಗೆ ಹೋಗಬಾರದು.

ಕಳಸದ ಮೇಷ್ಟ್ರು:

ಒಂದು ಮಾತು ಸೇರಿಸುತ್ತೇನೆ. ಹಳ್ಳವನ್ನು ಪೂರಾ ತಿರುಗಿಸಬೇಡಿ. ಚಕ್ರ ಬಿಟ್ಟ ನೀರು ಅದೇ ಹಳ್ಳಕ್ಕೆ ಸೇರುತ್ತದೆ, ನಿಜ. ಆದರೆ ಪೈಪಿನ ಬಾಯಿಂದ ಚಕ್ರದವರೆಗಿನ ಜಾಗ ಒಣಗಿದರೆ ಅಲ್ಲಿನ ಮೀನು, ಏಡಿ, ಕಪ್ಪೆಗಳ ಗತಿ ಏನು? ಫೆಬ್ರವರಿ ನಂತರ ನಿಲ್ಲಿಸಿಬಿಡಿ. ಆಗ ಲೈನ್ ಕರೆಂಟೂ ಇರುತ್ತದೆ, ಬಿಸಿಲೂ ಇರುತ್ತದೆ. ಕೆಳಗಿನ ತೋಟದವರಿಗೆ ಮೊದಲೇ ಒಂದು ಮಾತು ತಿಳಿಸಿ.

ಜಾವಳಿ ಕಡೆಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆಯೇ ಅಳೆದೆವು. ಮೇಲಿನ ಬಂಡೆ ಹತ್ತಿರ ಕಲ್ಲು, ಟಾರ್ಪಲ್ ಅಡ್ಡ ಇಟ್ಟು ಅರ್ಧ ನೀರನ್ನು ಪೈಪಿಗೆ ತಿರುಗಿಸಿದೆವು. 20 ಲೀಟರ್ ಬಕೆಟ್ ತುಂಬಲು 6 ಸೆಕೆಂಡ್. ಅತ್ತೆ ಕಲ್ಲಿನ ಮೇಲೆ ಕೂತು ಎಣಿಸಿದರು. ಗಾರೆಯವರ ನೀರಿನ ಟ್ಯೂಬ್ ಹಿಡಿದು ಎತ್ತರ ನೋಡಿದರೆ 38 ಮೀಟರ್. 600 ವ್ಯಾಟ್ ದಾಟುತ್ತದೆ ಅಲ್ವಾ ಅಣ್ಣ? ಭಾನುವಾರ ನಿಮ್ಮಲ್ಲಿಗೆ ಬಂದು ನೋಡಬಹುದಾ?

ಹಾನುಬಾಳಿನಿಂದ:

ಲೆಕ್ಕ ಸರಿ ಇದೆ. ಬನ್ನಿ, ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಟರ್ಬೈನ್ ಹತ್ತಿರ ಇಂಬಳ (ಜಿಗಣೆ) ಜಾಸ್ತಿ, ಗಂಬೂಟು ಮರೆಯಬೇಡಿ.