ಅಂಗಳದ ಕಾಂಕ್ರೀಟ್‌ಗೆ ಯಾವ ಸೀಲರ್ ಒಳ್ಳೇದು?

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಒಣಗಿಸುವ ಅಂಗಳಕ್ಕೆ ಹೋದ ವರ್ಷ ನೀರು ಇಳಿಯದ ಹಾಗೆ ಬಳಿಯುವ ಹೊಳಪಿನ ಅಕ್ರಿಲಿಕ್ ಸೀಲರ್ ಹೊಡೆಸಿದ್ದೆ, ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಂತು, ಉಗುರಲ್ಲಿ ಕೆರೆದರೆ ಅಡಿಯಲ್ಲಿ ಬಿಳಿ ಪುಡಿ. ಪಾಚಿ ಬೇರೆ. ಅಮ್ಮ ಜಾರಿ ಬಿದ್ದರು. ಏನು ಮಾಡಲಿ?

ಉತ್ತರ 1: ಅಮ್ಮ ಹುಷಾರಾಗಿದ್ದಾರೆ ಅಲ್ವಾ? ಅಕ್ರಿಲಿಕ್ ಸೀಲರ್ ಕಾಂಕ್ರೀಟಿನ ಮೇಲೆ ಪದರ ಕಟ್ಟುತ್ತದೆ, ನೆಲದಿಂದ ಏರುವ ತೇವಕ್ಕೆ ದಾರಿ ಸಿಗದೆ ಅದು ಎದ್ದು ಬರುತ್ತದೆ. ಸಿಲೇನ್-ಸಿಲೋಕ್ಸೇನ್ ಸೀಲರ್ ತಗೊಳ್ಳಿ. ಅದು ಕಾಂಕ್ರೀಟ್ ಒಳಗೆ ಇಳಿದು ನೀರು ತಡೆಯುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಹಳೇ ಪದರ ಪೂರ್ತಿ ತೆಗೆಯದಿದ್ದರೆ ಮಾತ್ರ ಸುಮ್ನೆ ದುಡ್ಡು ದಂಡ.

ಉತ್ತರ 2: ಫೆಬ್ರವರಿ-ಮಾರ್ಚ್‌ನಲ್ಲಿ, ನೆಲ ಚೆನ್ನಾಗಿ ಒಣಗಿದ ಮೇಲೆ ಹೊಡೆಸಿ. ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ಸೀಲರ್ ಇದ್ದರೂ ನೀರು ನಿಂತಲ್ಲಿ ಪಾಚಿ ಬಂದೇ ಬರುತ್ತದೆ, ಇಳಿಜಾರು ಸರಿ ಮಾಡಿಸಿ. ಅಲ್ಲಿವರೆಗೆ ಓಡಾಡುವ ಜಾಗಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ.