ಪಂಪ್ ಸ್ಟವ್ ಬರ್ನರ್ ಬುಡದಲ್ಲಿ ಸೀಮೆಎಣ್ಣೆ ಸೋರ್ತಿದೆ, ಗೊತ್ತಿದ್ದೋರು ಹೇಳ್ರಪ್ಪ

ಗುಡ್ಡದ_ಗಾಳಿ:
ಅಜ್ಜಿ ಮನೆ ಅಟ್ಟದಲ್ಲಿ ಹಳೇ ಹಿತ್ತಾಳೆ ಪಂಪ್ ಸ್ಟವ್ ಸಿಕ್ತು, ಹುಣಸೆಹಣ್ಣು ಹಾಕಿ ತಿಕ್ಕಿದ್ಮೇಲೆ ಫಳಫಳ ಅಂತಿದೆ. ಮುಂದಿನ ತಿಂಗಳು ಸಕಲೇಶಪುರದ ಹತ್ರ ಫ್ರೆಂಡ್ ತೋಟದಲ್ಲಿ ಟೆಂಟ್ ಹಾಕ್ತಿದೀವಿ, ಇದ್ರಲ್ಲೇ ಟೀ ಕಾಯ್ಸೋಣ ಅಂತ ಆಸೆ. ನಿನ್ನೆ ಹಿತ್ತಲಲ್ಲಿ ಹಚ್ಚಿ ನೋಡಿದ್ರೆ, ಸ್ಪಿರಿಟ್ ಹಾಕೋ ಬಟ್ಟಲು ಇರತ್ತಲ್ಲ, ಅದ್ರಲ್ಲಿ ಸೀಮೆಎಣ್ಣೆ ತುಂಬ್ಕೊಂಡು ಬುಡಕ್ಕೇ ಬೆಂಕಿ ಹತ್ತಿ ಹಳದಿ ಜ್ವಾಲೆ ಮೊಳದುದ್ದ ಎದ್ದೇಳ್ತು, ಅಮ್ಮ ಬೈದಿದ್ದು ಬೇರೆ. ಎಣ್ಣೆ ಆವಿ ಚಿಮ್ಮೋ ಸಣ್ಣ ತೂತಿನ ನಿಪ್ಪಲ್ ಇರತ್ತಲ್ಲ, ಅದನ್ನ ಹೊಸದು ಹಾಕ್ದೆ, ಪಿನ್ನಲ್ಲಿ ಚುಚ್ಚಿದೆ, ಅದೇ ಕಥೆ. ಬರ್ನರ್ರೇ ಹೋಗಿದ್ಯಾ? ಟೆಫ್ಲಾನ್ ಟೇಪ್ ಸುತ್ತಿದ್ರೆ ನಿಲ್ಲತ್ತಾ?

ಹಳೇ_ಪಾನ:
ಟೆಫ್ಲಾನ್ ಬೇಡ ಮಾರಾಯ. ಅಲ್ಲಿ ಎಣ್ಣೆ ತಡೆಯೋದು ತಿರುಪಿನ ಮರೆ (ಸ್ಕ್ರೂ ಗೆರೆ) ಅಲ್ಲ, ಒಳಗಿರೋ ವಾಷರ್ರು. ಟೇಪಿನ ಚೂರು ಮೇಲೆ ಹೋಗಿ ನಿಪ್ಪಲ್ ತೂತಲ್ಲಿ ಕೂತ್ರೆ ಇನ್ನೊಂದು ತಲೆನೋವು.

ಎಣ್ಣೆ ಮೇಲಿಂದ ಇಳೀತಿದ್ಯಾ ಇಲ್ಲ ಬುಡದಲ್ಲೇ ಜಿನುಗ್ತಿದ್ಯಾ ಅನ್ನೋದು ಮೊದ್ಲು ಗೊತ್ತಾಗ್ಬೇಕು, ಎರಡೂ ಬಟ್ಟಲಲ್ಲೇ ಬಂದು ನಿಲ್ಲೋದ್ರಿಂದ ಕಣ್ಣಿಗೆ ಒಂದೇ ಥರ. ಬರ್ನರ್ ಸರಿಯಾಗಿ ಕಾಯದೆ ಪಂಪ್ ಹೊಡೆದ್ರೆ ಎಣ್ಣೆ ಆವಿ ಆಗದೆ ನೀರಿನ ಥರಾನೇ ನಿಪ್ಪಲ್ಲಿಂದ ಚಿಮ್ಮತ್ತೆ, ಅದು ಸೋರಿಕೆ ಅಲ್ಲ, ನಮ್ಮ ಆತುರ. ಬಟ್ಟಲು ತುಂಬ ಸ್ಪಿರಿಟ್ ಹಾಕಿ, ಅದು ಉರಿದು ಇನ್ನೇನು ಆರತ್ತೆ ಅನ್ನೋವಾಗ ಟ್ಯಾಂಕಿನ ಗಾಳಿ ಬಿಡೋ ಸ್ಕ್ರೂ ಬಿಗಿ ಮಾಡಿ ನಿಧಾನಕ್ಕೆ ಪಂಪ್ ಮಾಡ್ಬೇಕು.

ಟೆಸ್ಟ್ ಮಾಡೋಕೆ ಬೆಂಕಿ ಬೇಡ. ಎಣ್ಣೆ ಪೂರ್ತಿ ಬಗ್ಗಿಸಿ ಖಾಲಿ ಟ್ಯಾಂಕಿಗೆ ಹತ್ತು ಪಂಪ್ ಗಾಳಿ ಹೊಡಿ. ನಿಪ್ಪಲ್ಲಲ್ಲಿ ಗಾಳಿ ಬಂದೇ ಬರತ್ತೆ, ಅದನ್ನ ಬೆರಳಲ್ಲಿ ಒತ್ತಿ ಹಿಡಿ. ಬಟ್ಟೆ ಸೋಪಿನ ನೊರೆನ ಹಳೇ ಬ್ರಷ್ಷಲ್ಲಿ ಬರ್ನರ್ ಬುಡ, ಎಣ್ಣೆ ಹುಯ್ಯೋ ಮುಚ್ಚಳ, ಬರ್ನರ್ ಕೊಳವೆಗಳ ಬೆಸುಗೆ ಎಲ್ಲಕ್ಕೂ ಬಳಿ. ಎಲ್ಲಿ ಗುಳ್ಳೆ ಬಂತು ಹೇಳು.

ಗುಡ್ಡದ_ಗಾಳಿ:
ಮಾಡ್ದೆ ಅಣ್ಣ. ಬುಡದಲ್ಲಿ ಬರ್ನರ್ ತಿರುಗಿಸಿ ಕೂರಿಸೋ ಜಾಗದಲ್ಲಿ ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ ಸಾಲಾಗಿ ಬರ್ತಿದೆ, ಬೆಸುಗೆ ಹತ್ರ ಏನೂ ಇಲ್ಲ. ಇನ್ನೊಂದು ವಿಚಿತ್ರ, ಪಂಪ್ ಕಡ್ಡಿ ಒತ್ತಿ ಬಿಟ್ರೆ ತಾನಾಗೇ ಮೇಲಕ್ಕೆ ಬರ್ತಿದೆ, ಇದು ಸರೀನಾ?

ಟೆಂಟ್‌ವಾಸಿ:
ಬುಡಕ್ಕೆ ಸುತ್ತ ಎಂ-ಸೀಲ್ ಮೆತ್ತಿಬಿಡು ಗುರು, ಐದು ನಿಮಿಷದ ಕೆಲಸ

ಹಳೇ_ಪಾನ:
ಎಂ-ಸೀಲ್ ಹೇಳಿದೋರು ಆ ಟೆಂಟಲ್ಲಿ ಪಕ್ಕ ಮಲಗ್ತೀರಾ?

ಬರ್ನರ್ ಬಿಚ್ಚಿದ್ರೆ ಒಳಗೆ ಬೂದಿ ಬಣ್ಣದ ಬಳೆ ಥರ ಒಂದು ಕೂತಿರತ್ತೆ, ಅದು ಸೀಸದ ವಾಷರ್, ಚಪ್ಪಟೆ ಆಗಿ ಅಂಟ್ಕೊಂಡಿರತ್ತೆ, ದಬ್ಬಳದಲ್ಲಿ ಮೀಟಿ ತೆಗಿ. ಹಳೇದನ್ನ ವಾಪಸ್ ಹಾಕ್ಬೇಡ, ಒಂದ್ಸಲ ಒತ್ತಿದ ಸೀಸ ಇನ್ನೊಂದ್ಸಲ ಸರಿಯಾಗಿ ಕೂರಲ್ಲ. ಬಿಗಿ ಮಾಡುವಾಗ ಒಂದು ಪಾನದಲ್ಲಿ (ಸ್ಪ್ಯಾನರ್) ಟ್ಯಾಂಕಿನ ಕಡೆ ಹಿಡ್ಕೊ, ಇಲ್ಲಾಂದ್ರೆ ಬಲ ಹಾಕಿದ್ದಕ್ಕೆ ಟ್ಯಾಂಕಿನ ಬೆಸುಗೆನೇ ಬಿಟ್ಕೊಳ್ಳತ್ತೆ, ಆಮೇಲೆ ಅದು ಷೋಕೇಸಿಗೇ ಸರಿ.

ಕಡ್ಡಿ ಮೇಲೆ ಬರೋದು ಸರಿ ಅಲ್ಲ. ಪಂಪಿನ ತಳದಲ್ಲಿ ಒಂದು ಪುಟ್ಟ ವಾಲ್ವ್ ಇದೆ, ಗಾಳಿನ ಒಳಗೆ ಬಿಟ್ಟು ವಾಪಸ್ ಬಿಡಬಾರ್ದು. ಅದ್ರೊಳಗಿನ ರಬ್ಬರ್ ಬಿಲ್ಲೆ ಕಲ್ಲಾಗಿರತ್ತೆ. ಹಂಗೇ ಬಿಟ್ರೆ ಸೀಮೆಎಣ್ಣೆ ಪಂಪ್ ಕೊಳವೆಗೆ ಬಂದು ಕೈ ಹತ್ರಾನೇ ಸೋರತ್ತೆ. ಅದನ್ನ ಬಿಚ್ಚೋಕೆ ಉದ್ದ ಕೀ ಬೇಕು, ಸ್ಟವ್ ರಿಪೇರಿಯೋರ ಹತ್ರಾನೇ ಹೋಗು.

ಗುಡ್ಡದ_ಗಾಳಿ:
ಸೀಸ ಬಿಸಿಗೆ ಕರಗಲ್ವಾ ಅಣ್ಣ?

ಹಳೇ_ಪಾನ:
ಒಳ್ಳೇ ಪ್ರಶ್ನೆ. ಸೀಸ ಕರಗೋದು 327 ಡಿಗ್ರಿಗೆ. ಆದ್ರೆ ಉರಿ ಇರೋದು ಮೇಲೆ, ಬುಡದಲ್ಲಿ ತಣ್ಣಗಿನ ಎಣ್ಣೆ ಹರೀತಾನೇ ಇರತ್ತೆ, ಅಷ್ಟು ಕಾಯಲ್ಲ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಸ್ಟವ್ವಿನ ವಂಶದ್ದೇ ಇದು, ಅಮುಂಡ್ಸೆನ್ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೋದಾಗ್ಲೂ ಇಂಥದ್ರಲ್ಲೇ ಅಡುಗೆ. ಮತ್ತೆ ಸೀಮೆಎಣ್ಣೆ ಸಿಗಲಿಲ್ಲ ಅಂತ ಪೆಟ್ರೋಲ್ ಮಾತ್ರ ಹುಯ್ಬೇಡ, ಅದು ಬಾಂಬು.

ಡೆನ್ವರ್_ಕನ್ನಡಿಗ:
ನನ್ನದು ಬಾಟ್ಲಿ ಬೇರೆ, ಬರ್ನರ್ ಬೇರೆ ಇರೋ ಥರದ್ದು. ಬರ್ನರ್ ಸೋರ್ತಿದೆ ಅಂತ ಎರಡು ದಿನ ಒದ್ದಾಡ್ದೆ, ಕೊನೆಗೆ ನೋಡಿದ್ರೆ ಪೈಪು ಪಂಪಿಗೆ ಸೇರೋ ಜಾಗದ ಓ-ರಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಚಳೀಲಿ ರಬ್ಬರ್ ಇನ್ನೂ ಗಟ್ಟಿ ಆಗತ್ತೆ, ಒಂದು ಸ್ಪೇರ್ ಇಟ್ಕೊಳ್ಳೋದು ವಾಸಿ.

ಟೆಂಟ್‌ವಾಸಿ:
ಆಯ್ತು ಎಂ-ಸೀಲ್ ವಾಪಸ್ ತಗೊಂಡೆ 😅 ಆದ್ರೆ ಟ್ರೈನಲ್ಲಿ ಹೋಗ್ತಿದ್ರೆ ಸೀಮೆಎಣ್ಣೆ ಒಯ್ಯಂಗಿಲ್ಲ, ಕೇಸ್ ಆಗತ್ತೆ.

ಗುಡ್ಡದ_ಗಾಳಿ:
ಬೈಕಲ್ಲಿ ಹೋಗೋದು, ಎಣ್ಣೆ ತೋಟದವರ ಮನೇಲೇ ಇದೆಯಂತೆ.

ಅಪ್ಡೇಟ್: ರಿಪೇರಿ ತಾತ ಒಬ್ರು ಸಿಕ್ಕಿದ್ರು, ವಾಲ್ವಿನ ಬಿಲ್ಲೆ ಬದಲಾಯಿಸಿದ್ರು, ಸೀಸದ ವಾಷರ್ ಎರಡು ಕೊಟ್ರು, ಒಂದು ಹಾಕಿದೀನಿ ಒಂದು ಜೇಬಲ್ಲಿದೆ. ನೊರೆ ಹಚ್ಚಿದೆ, ಒಂದು ಗುಳ್ಳೆನೂ ಇಲ್ಲ. ಇವತ್ತು ಬೆಳಿಗ್ಗೆ ಹಚ್ಚಿದ್ರೆ ಬುರ್ರ್ ಅಂತ ನೀಲಿ ಉರಿ, ಅಮ್ಮ ಒಳಗಿಂದ ಓಡಿ ಬಂದು ನೋಡಿ, ಅಜ್ಜಿ ಮನೇಲಿ ಇದೇ ಸದ್ದಿಗೆ ಎದ್ದೇಳ್ತಿದ್ವಿ ಅಂದ್ರು. ಪಂಪ್ ಮಾತ್ರ ಇನ್ನೂ ಕಿರ್ ಕಿರ್ ಅಂತಿದೆ, ಚರ್ಮದ ವಾಷರ್ರಿಗೆ ಕೊಬ್ರಿ ಎಣ್ಣೆ ಬಿಟ್ರೆ ಆಗತ್ತಾ?

ಹಳೇ_ಪಾನ:
ನಾಲ್ಕು ತೊಟ್ಟು ಸಾಕು, ರಾತ್ರಿ ಪೂರ್ತಿ ನೆನೀಲಿ.