ವಾಶಿಂಗ್ ಮಷಿನ್ ಬಟ್ಟೆ ಹರೀತಿದ್ಯಾ? ಮೊದ್ಲು ತೂತು ಎಲ್ಲಿದೆ, ಹೇಗಿದೆ ನೋಡಿ

ನೀವು ಕೇಳಿರೋದು ಇಷ್ಟು: ಫ್ರಂಟ್ ಲೋಡ್ ಮಷಿನ್, ತಗೊಂಡು ನಾಲ್ಕು ವರ್ಷ ಆಯ್ತು, ಎರಡು ಮೂರು ತಿಂಗಳಿಂದ ಟೀ ಶರ್ಟ್‌ಗಳಲ್ಲಿ ಸಣ್ಣ ಸಣ್ಣ ತೂತು, ಹೋದ ವಾರ ಒಂದು ಬೆಡ್‌ಶೀಟೂ ಹರೀತು, ರಿಪೇರಿಯವ್ರು ಬಂದು ಡ್ರಮ್ಮೇ ಬದಲಾಯಿಸ್ಬೇಕು ಅಂದ್ರು, ಅದಕ್ಕಿಂತ ಹೊಸ ಮಷಿನ್ ತಗೊಳ್ಳೋದೇ ವಾಸಿನಾ ಅಂತ. ದಯವಿಟ್ಟು ಒಂದು ವಾರ ತಡೀರಿ. ಇದೇ ಗೋಳನ್ನ ನಾವು ಸುಮಾರು ಆರು ತಿಂಗಳು ಅನುಭವಿಸಿದೀವಿ, ನಮ್ಮ ಅತ್ತಿಗೆ ಮನೇಲಿ ಬೇರೆ ಥರ ಆಗಿತ್ತು, ತಮ್ಮನ ಮನೇಲಿ ಇನ್ನೊಂದು ಥರ, ಮೂರರದ್ದೂ ಕಾರಣ ಬೇರೆ ಬೇರೆ. ಅದಕ್ಕೇ ಹೇಳ್ತಿರೋದು, ಎಲ್ಲ ತೂತನ್ನೂ ಒಂದೇ ಲೆಕ್ಕಕ್ಕೆ ಹಾಕ್ಬೇಡಿ. ಹರಿದಿರೋ ಬಟ್ಟೆ ಎಲ್ಲ ಒಂದು ಕಡೆ ಗುಡ್ಡೆ ಹಾಕ್ಕೊಂಡು, ಯಾವ ಬಟ್ಟೆ, ಎಲ್ಲಿ, ಯಾವ ಆಕಾರದಲ್ಲಿ ಹರಿದಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮೊದ್ಲು ನಮ್ಮನೆ ಕಥೆ. ಶುರುವಾಗಿದ್ದು ತೂತಿಂದ ಅಲ್ಲ, ನೂಲು ಎಳೆದ ಹಾಗೆ ಆಗೋದ್ರಿಂದ. ಟವೆಲ್‌ನಲ್ಲಿ ಸಣ್ಣ ಸಣ್ಣ ಕುಣಿಕೆ ಇರುತ್ತಲ್ಲ, ಅದ್ರಲ್ಲಿ ಒಂದೆರಡು ಉದ್ದಕ್ಕೆ ಎದ್ದು ಬರ್ತಿತ್ತು, ಸಿಂಥೆಟಿಕ್ ಶರ್ಟ್ ಮೇಲೆ ಗೆರೆ ಬೀಳ್ತಿತ್ತು. ಪೌಡರ್ ಸರಿ ಇಲ್ಲ ಅಂತ ಬದಲಾಯಿಸಿದ್ವಿ, ಬಟ್ಟೆ ಕಮ್ಮಿ ಹಾಕಿದ್ವಿ, ಏನೂ ಆಗ್ಲಿಲ್ಲ. ಡ್ರಮ್ ಒಳಗೆ ಕೈಯಾಡಿಸಿದ್ರೆ ಕನ್ನಡಿ ಥರ ನುಣುಪು. ರಿಪೇರಿಯವ್ರೂ ಹಾಗೇ ಕೈಯಾಡಿಸಿ ಏನೂ ಇಲ್ಲ ಅಂತ ಹೋದ್ರು. ಆಮೇಲೆ ಯಾರೋ ಹೇಳಿದ್ರು ಅಂತ, ಪ್ಲಗ್ ಕಿತ್ತು, ಕೈಗೆ ಹಳೇ ನೈಲಾನ್ ಸಾಕ್ಸ್ ಹಾಕ್ಕೊಂಡು ಡ್ರಮ್ ಒಳಗೆಲ್ಲಾ ನಿಧಾನಕ್ಕೆ ಸವರಿದೆ. ಒಂದು ಸುತ್ತು ಏನೂ ಸಿಗ್ಲಿಲ್ಲ. ಉಲ್ಟಾ ದಿಕ್ಕಲ್ಲಿ ಸವರಿದಾಗ ಒಂದು ಕಡೆ ಚರ್ ಅಂತ ಸಾಕ್ಸ್ ಹಿಡ್ಕೊಳ್ತು. ಟಾರ್ಚ್ ಬಿಟ್ಟು ನೋಡಿದ್ರೆ ಡ್ರಮ್ಮಿನ ಒಂದು ತೂತಿಂದ ಪೆನ್ಸಿಲ್ ಮೊನೆಯಷ್ಟು ಸ್ಟೀಲ್ ತಂತಿ ಹೊರಗೆ ಇಣುಕ್ತಿದೆ! ಬೆರಳಿಂದ ಒತ್ತಿದ್ರೆ ಒಳಗೆ ಹೋಗುತ್ತೆ, ಬಿಟ್ರೆ ಮತ್ತೆ ಬರುತ್ತೆ, ಅದಕ್ಕೇ ಬರಿಗೈಗೆ ಗೊತ್ತಾಗ್ತಿರ್ಲಿಲ್ಲ. ನೋಸ್ ಪ್ಲೈಯರ್‌ನಲ್ಲಿ (ಚೂಪು ಮೂತಿಯ ಇಕ್ಕಳ) ಹಿಡಿದು ಆ ಕಡೆ ಈ ಕಡೆ ಆಡಿಸ್ತಾ ಎಳೆದೆ, ಹತ್ತು ನಿಮಿಷ ಬೇಕಾಯ್ತು, ಪೂರ್ತಿ ಬಂತು, ಬ್ರಾದೊಳಗಿನ ಬಾಗಿದ ತಂತಿ. ಅವತ್ತಿಂದ ಇವತ್ತಿನವರೆಗೂ ಒಂದು ನೂಲೂ ಎಳೆದಿಲ್ಲ.

ಇದು ಯಾಕೆ ಆಗುತ್ತೆ ಅಂದ್ರೆ ಫ್ರಂಟ್ ಲೋಡಲ್ಲಿ ಬಟ್ಟೆ ತಿರುಗೋ ಸ್ಟೀಲ್ ಡ್ರಮ್ ಒಂದು, ಅದರ ಸುತ್ತ ನೀರು ನಿಲ್ಲೋ ಟಬ್ ಇನ್ನೊಂದು, ಎರಡರ ಮಧ್ಯೆ ಸಂದಿ ಇದೆ. ಬ್ರಾ ತಂತಿ, ಹೇರ್‌ಪಿನ್, ಸೇಫ್ಟಿ ಪಿನ್, ಸಣ್ಣ ಸ್ಕ್ರೂ, ಇವೆಲ್ಲ ಬಾಗಿಲ ಹತ್ರದ ರಬ್ಬರ್ ಪಕ್ಕದ ಗ್ಯಾಪಿಂದಲೋ ಡ್ರಮ್ ತೂತಿಂದಲೋ ಆ ಸಂದಿಗೆ ಇಳಿಯುತ್ತೆ. ಡ್ರಮ್ ತಿರುಗಿದಾಗೆಲ್ಲ ಸದ್ದು ಬರಬಹುದು, ಬರದೇನೂ ಇರಬಹುದು. ಬರೀ ಬಟ್ಟೆ ಪ್ರಶ್ನೆ ಅಲ್ಲ, ಅಲ್ಲೇ ಬಿಟ್ರೆ ಕೆಲವೊಮ್ಮೆ ಹೊರಗಿನ ಪ್ಲಾಸ್ಟಿಕ್ ಟಬ್ಬನ್ನೇ ಕೊರೆದು ನೀರು ಸೋರೋ ಹಾಗೆ ಮಾಡುತ್ತೆ. ತುದಿ ಕಾಣ್ತಿದೆ ಆದ್ರೆ ಎಳೆದ್ರೆ ಬರ್ತಿಲ್ಲ ಅಂದ್ರೆ ಒಳಗೆ ತಳ್ಳಬೇಡಿ, ರಿಪೇರಿಯವ್ರಿಗೆ ಆ ಜಾಗ ತೋರಿಸಿ ತೆಗೀರಿ ಅನ್ನಿ. ಎಷ್ಟೋ ಮಷಿನ್‌ಗಳಲ್ಲಿ ಹೀಟರ್ ಬಿಚ್ಚಿದ್ರೆ ಆ ತೂತಿಂದ ಕೈಗೆ ಸಿಗುತ್ತೆ, ಡ್ರಮ್ ಬದಲಾಯಿಸೋ ಅಗತ್ಯನೇ ಇರಲ್ಲ.

ಸಾಕ್ಸ್ ಹಿಡ್ಕೊಂಡಿದ್ದು ತಂತಿಗಲ್ಲ, ಡ್ರಮ್ಮಿನ ತೂತಿನ ಅಂಚಿಗೇ ಅಂದ್ರೆ ಅಲ್ಲಿ ಮುಳ್ಳು ಎದ್ದಿದೆ ಅಂತ. ನಾಣ್ಯ, ಲೋಹದ ಬಟನ್ ಬಡಿದೂ ಬಡಿದೂ ಹಾಗಾಗುತ್ತೆ. 600 ನಂಬರಿನ ನೈಸ್ ಸ್ಯಾಂಡ್ ಪೇಪರಲ್ಲಿ ಅಷ್ಟು ಜಾಗ ಮಾತ್ರ ಮೆತ್ತಗೆ ಉಜ್ಜಿ, ಒರೆಸಿ, ಮತ್ತೆ ಸಾಕ್ಸಲ್ಲಿ ನೋಡಿ. ಹಾಗೇ ಒಳಗೆ ಬಟ್ಟೆ ಎತ್ತಿ ಹಾಕೋಕೆ ಮೂರು ಪ್ಲಾಸ್ಟಿಕ್ ರೆಕ್ಕೆ ಇರುತ್ತಲ್ಲ, ಅದನ್ನೂ ಅಲ್ಲಾಡಿಸಿ ನೋಡಿ, ಬಿರುಕು ಬಿಟ್ಟಿದ್ರೆ ಅಥವಾ ಸಡಿಲ ಆಗಿದ್ರೆ ಬಟ್ಟೆ ಅದರ ಸಂದಿಗೆ ಸಿಕ್ಕಿ ಹರಿಯುತ್ತೆ. ಆ ರೆಕ್ಕೆ ಒಂದನ್ನೇ ಬದಲಾಯಿಸಬಹುದು.

ಬಾಗಿಲ ರಬ್ಬರ್ ಅಂತೂ ಮರೀಬೇಡಿ. ಮಡಿಕೆ ಬಿಡಿಸಿ ಸುತ್ತಲೂ ಬೆರಳು ಹಾಕಿ, ಅದ್ರಲ್ಲೂ ಕೆಳಭಾಗದಲ್ಲಿ. ನನಗೆ ಸಿಕ್ಕಿದ್ದು ಎರಡು ಪಿನ್ನು, ಒಂದು ಮಗುವಿನ ಸಾಕ್ಸು, ಮುರಿದ ಜಿಪ್ಪಿನ ತುಂಡು. ಬಟ್ಟೆ ತುಂಬಾ ತುರುಕಿದ್ರೆ ಅಂಚುಗಳು ಈ ರಬ್ಬರ್‌ಗೂ ಡ್ರಮ್ಮಿಗೂ ಮಧ್ಯೆ ಸಿಕ್ಕಿಹಾಕ್ಕೊಂಡು ಉಜ್ಜುತ್ತೆ. ಹರಿದ ಜಾಗದ ಪಕ್ಕ ಬೂದು ಕಪ್ಪು ಗೆರೆ ಇದ್ರೆ ಬಹುತೇಕ ಅದೇ ಕಾರಣ. ಕೆಳಗಿನ ಸಣ್ಣ ಬಾಗಿಲಲ್ಲಿರೋ ಡ್ರೈನ್ ಫಿಲ್ಟರ್ ಕೂಡ ಬಿಚ್ಚಿ ನೋಡಿ (ಬಿಸಿನೀರಲ್ಲಿ ಒಗೆದ ತಕ್ಷಣ ಬೇಡ, ತಟ್ಟೆ ಇಟ್ಕೊಂಡು ಬಿಚ್ಚಿ), ಏನೇನು ಒಳಗೆ ಹೋಗ್ತಿದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಅತ್ತಿಗೆದು ಟಾಪ್ ಲೋಡ್. ಅವರ ಮನೇಲಿ ಶರ್ಟ್ ತೋಳುಗಳೇ ಕಂಕುಳ ಹತ್ರ ಹೊಲಿಗೆಯಿಂದ ಬಿಟ್ಕೊಳ್ತಿತ್ತು. ಅದು ಮೊನಚಿನ ಕೆಲಸ ಅಲ್ಲ, ಎಳೆತದ ಕೆಲಸ. ಟಬ್ ಕಂಠಪೂರ್ತಿ ತುಂಬಿಸ್ತಿದ್ರು, ಕೆಳಗಿನ ತಿರುಗೋ ಬಿಲ್ಲೆ ಬಟ್ಟೆನ ಎಳೆಯುತ್ತೆ, ಮೇಲಿನ ಭಾರಕ್ಕೆ ಬಟ್ಟೆ ಅಲ್ಲಾಡಲ್ಲ, ಉದ್ದ ತೋಳು ಹಗ್ಗದ ಥರ ಹುರಿಗೊಂಡು ಹೊಲಿಗೆ ಬಿಡುತ್ತೆ. ಮುಕ್ಕಾಲು ಭಾಗಕ್ಕೆ ಇಳಿಸಿದ್ರು, ತೋಳಿನ ಗುಂಡಿ ಬಿಚ್ಚಿ ಹಾಕೋಕೆ ಶುರು ಮಾಡಿದ್ರು, ಅಲ್ಲಿಗೆ ನಿಂತು ಹೋಯ್ತು. ಟಾಪ್ ಲೋಡ್ ಇರೋರು ಆ ಬಿಲ್ಲೆ ಅಂಚು ಒಡೆದಿದ್ಯಾ, ಕೆಳಗೆ ನಾಣ್ಯ ಸಿಕ್ಕಿದ್ಯಾ ಅಂತಲೂ ನೋಡ್ಬೇಕು, ಮಧ್ಯದ ಸ್ಕ್ರೂ ಬಿಚ್ಚಿದ್ರೆ ಮೇಲಕ್ಕೆ ಬರುತ್ತೆ.

ಇನ್ನು ಮಷಿನ್ ತಪ್ಪೇ ಅಲ್ಲದ ತೂತುಗಳು, ಇದರ ಬಗ್ಗೆ ಯಾರೂ ಹೇಳಲ್ಲ. ತಮ್ಮನ ಮನೇಲಿ ಎರಡು ಪ್ಯಾಂಟು, ಒಂದು ಶರ್ಟು, ಒಗೆದು ತೆಗೆದ್ರೆ ಅಲ್ಲಲ್ಲಿ ತೂತು, ಅಂಚೆಲ್ಲ ಪುಡಿ ಪುಡಿ, ಬೆರಳು ಆಡಿಸಿದ್ರೆ ಇನ್ನಷ್ಟು ಬಿಟ್ಕೊಳ್ತಿತ್ತು. ಅವನು ಮಷಿನ್ ಮೇಲೆ ಸಿಟ್ಟಾಗಿದ್ದ. ಕೊನೆಗೆ ನೆನಪಾಯ್ತು, ಹಿಂದಿನ ವಾರ ಅದೇ ಬಟ್ಟೆ ಹಾಕ್ಕೊಂಡು ಬ್ಯಾಟರಿ ಎತ್ತಿಟ್ಟಿದ್ದ. ಬ್ಯಾಟರಿ ಆಸಿಡ್ ಒಂದು ಹನಿ ಹತ್ತಿ ಬಟ್ಟೆಗೆ ತಾಗಿದ್ರೂ ಆಗ ಏನೂ ಕಾಣಲ್ಲ, ನೂಲು ಒಳಗೊಳಗೇ ಸಾಯುತ್ತೆ, ಒಗೆದಾಗ ಆ ಜಾಗ ಉದುರಿ ಹೋಗುತ್ತೆ. ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸಿಡಿದ್ರೂ ಇದೇ ಗತಿ. ಬ್ಲೀಚ್ ಕೂಡ ಅಷ್ಟೇ, ನೀರಲ್ಲಿ ಬೆರೆಸದೆ ನೇರವಾಗಿ ಬಟ್ಟೆ ಮೇಲೆ ಸುರಿದ್ರೆ ಮೊದ್ಲು ಬಣ್ಣ ಹೋಗುತ್ತೆ, ನಾಲ್ಕು ವಾಶ್ ಆದ್ಮೇಲೆ ತೂತು. ಉಣ್ಣೆ, ರೇಷ್ಮೆಗಂತೂ ಕ್ಲೋರಿನ್ ಬ್ಲೀಚ್ ತಾಗಿಸಲೇಬಾರದು, ನೂಲೇ ಕರಗುತ್ತೆ. ಮಾತು ಬಂತು ಅಂತ ಹೇಳ್ತೀನಿ, ಬ್ಲೀಚನ್ನೂ ಟಾಯ್ಲೆಟ್ ಕ್ಲೀನರನ್ನೂ ಯಾವತ್ತೂ ಒಟ್ಟಿಗೆ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ.

ಕಪಾಟಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದ ಬಟ್ಟೆಗೆ ಮಾತ್ರ ತೂತು ಅಂದ್ರೆ ಹುಳ. ಹುಳ ಅರ್ಧ ಕಚ್ಚಿ ಬಿಟ್ಟಿರುತ್ತೆ, ನೀರಲ್ಲಿ ತಿರುಗಿದಾಗ ನೂಲು ಕಡಿಯುತ್ತೆ, ಬೈಗುಳ ಮಷಿನ್‌ಗೆ.

ಕಲೆ ಬಗ್ಗೆ ಎರಡೇ ಮಾತು, ನೀವು ಕೇಳಿಲ್ಲ ಆದ್ರೂ. ಕೇಸರಿ ಕಂದು ಚುಕ್ಕಿ ಬರ್ತಿದ್ರೆ ಎಲ್ಲೋ ಪಿನ್ನು ತುಕ್ಕು ಹಿಡೀತಿರಬಹುದು, ಹುಡುಕಿ. ಕಪ್ಪು ಕಪ್ಪು ಚೂರು ಅಂಟ್ಕೊಳ್ತಿದ್ರೆ ಟಬ್ ಹಿಂದೆ ಸೋಪಿನ ಜಿಡ್ಡು, ಬೂಸ್ಟು ಕಟ್ಟಿದೆ, ಯಾವಾಗ್ಲೂ ತಣ್ಣೀರಲ್ಲೇ ಒಗೆಯೋರಿಗೆ ಇದು ಜಾಸ್ತಿ. ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ 60 ಡಿಗ್ರಿ ಮೇಲೆ ಖಾಲಿ ಓಡಿಸಿ, ಒಗೆದಾದ್ಮೇಲೆ ಬಾಗಿಲು ಸ್ವಲ್ಪ ತೆರೆದಿಡಿ.

ಮುಂದುವರಿಕೆ: ನಾನು ಕೇಳಿದ್ದಕ್ಕೆ ನೀವು ಬರೆದಿದ್ದು ಓದಿದೆ. ಟೀ ಶರ್ಟ್ ತೂತೆಲ್ಲ ಮುಂಭಾಗದಲ್ಲೇ, ಹೊಕ್ಕಳಿಗಿಂತ ಸ್ವಲ್ಪ ಕೆಳಗೆ, ಸೂಜಿ ಚುಚ್ಚಿದಷ್ಟು ಸಣ್ಣ, ಬೆನ್ನಲ್ಲಿ ಒಂದೂ ಇಲ್ಲ. ಬೆಡ್‌ಶೀಟ್ ಮಾತ್ರ ಒಂದು ಮೂಲೆ ಹತ್ರ ಚೌಕದ ಎರಡು ಬದಿ ಥರ ಹರಿದಿದೆ, ಪಕ್ಕದಲ್ಲಿ ಕಪ್ಪು ಗೆರೆ ಇದೆ.

ಹಾಗಿದ್ರೆ ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ. ಮಷಿನ್‌ಗೆ ಟೀ ಶರ್ಟಿನ ಹಿಂದು ಮುಂದು ಗೊತ್ತಾಗಲ್ಲ. ಮಷಿನ್ ಕಾರಣ ಆಗಿದ್ರೆ ತೋಳು, ಬೆನ್ನು, ಎಲ್ಲ ಕಡೆ ಇರ್ಬೇಕಿತ್ತು. ಹೊಕ್ಕಳ ಕೆಳಗೆ ಮಾತ್ರ ಅಂದ್ರೆ ಅದು ಜೀನ್ಸ್ ಬಟನ್ನು ಅಥವಾ ಬೆಲ್ಟ್ ಬಕಲ್ ಒಳಗಿಂದ, ಅಡುಗೆಮನೆ ಕಟ್ಟೆ ಇಲ್ಲಾ ಮೇಜಿನ ಅಂಚು ಹೊರಗಿಂದ, ಮಧ್ಯೆ ತೆಳು ಬಟ್ಟೆ ದಿನಾ ಅರೆಯುತ್ತೆ. ಈಗಿನ ಟೀ ಶರ್ಟ್ ಹೆಣಿಗೆ ಬಹಳ ತೆಳ್ಳಗೆ ಬರ್ತಿದೆ, ಒಂದು ಕುಣಿಕೆ ಕಡಿದ್ರೆ ಒಗೆದಾಗ ಅದು ಬಾಯಿ ತೆರೆಯುತ್ತೆ, ಹಾಗಾಗಿ ನಮಗೆ ಕಾಣೋದು ಒಗೆದ ಮೇಲೇನೇ. ಖಾತ್ರಿ ಮಾಡ್ಕೊಳ್ಳೋಕೆ ಒಂದು ಟೀ ಶರ್ಟ್ ಪೈಜಾಮ ಮೇಲೆ ಮಾತ್ರ ಹಾಕ್ಕೊಳ್ಳಿ, ಇನ್ನೊಂದು ಜೀನ್ಸ್ ಮೇಲೆ, ಎರಡನ್ನೂ ಅದೇ ಮಷಿನ್‌ಗೆ ಹಾಕಿ, ಒಂದು ತಿಂಗಳು ನೋಡಿ. ಜೀನ್ಸನ್ನ ಟೀ ಶರ್ಟ್ ಜೊತೆ ಒಗೀಬೇಡಿ, ಒಗೆಯೋವಾಗ ಜಿಪ್ ಎಳೆದು ಮುಚ್ಚಿ, ಒಳಮಗ್ಗುಲು ಮಾಡಿ ಹಾಕಿ, ತೆಳು ಬಟ್ಟೆನ ಜಾಲರಿ ಚೀಲಕ್ಕೆ ಹಾಕಿ ಸ್ಪಿನ್ (ಹಿಂಡೋ ವೇಗ) ನಿಮಿಷಕ್ಕೆ 600 ಸುತ್ತಿಗೆ ಇಳಿಸಿ.

ಬೆಡ್‌ಶೀಟ್ ಮಾತ್ರ ಮಷಿನ್ನೇ ಹರಿದಿರೋದು, ಬಾಗಿಲ ರಬ್ಬರಲ್ಲಿ ಸಿಕ್ಕಿ. ಏನಾದ್ರೂ ಗಟ್ಟಿಯಾಗಿ ಹಿಡ್ಕೊಂಡು ಎಳೆದಾಗಲೇ ನೇಯ್ದ ಬಟ್ಟೆ ಹಾಗೆ ಅಡ್ಡಕ್ಕೂ ಉದ್ದಕ್ಕೂ ಬಿಡೋದು. ಬೆಡ್‌ಶೀಟ್ ಜೊತೆ ಬೇರೆ ಬಟ್ಟೆ ಜಾಸ್ತಿ ಹಾಕ್ಬೇಡಿ, ಡ್ರಮ್ಮಲ್ಲಿ ಬಟ್ಟೆ ಮೇಲೆ ನಿಮ್ಮ ಅಂಗೈ ಉದ್ದಕ್ಕೆ ನಿಲ್ಲಿಸೋವಷ್ಟು ಜಾಗ ಇರ್ಲಿ, ಬಾಗಿಲು ಹಾಕೋ ಮುಂಚೆ ಸುತ್ತಲೂ ಬಟ್ಟೆ ಒಳಗೆ ತಳ್ಳಿ. ನಾಳೆ ಸಾಕ್ಸ್ ಪರೀಕ್ಷೆ ಮಾಡಿ, ಎರಡೂ ದಿಕ್ಕಲ್ಲಿ ಸವರಿ, ರಬ್ಬರ್ ಮಡಿಕೆಯಲ್ಲಿ ಕೈ ಹಾಕಿ. ಏನೂ ಸಿಗ್ಲಿಲ್ಲ ಅಂದ್ರೆ ಒಂದು ಹಳೇ ಬೆಡ್‌ಶೀಟ್ ಒಂದನ್ನೇ ಎರಡು ಸಲ ಒಗೆದು ನೋಡಿ. ಅದು ಹಾಗೇ ಹೊರಗೆ ಬಂದ್ರೆ ಡ್ರಮ್ ಬದಲಾಯಿಸೋಕೆ ಹೇಳಿದವ್ರಿಗೆ ಫೋನ್ ಮಾಡಿ ಬೇಡ ಅಂದ್ಬಿಡಿ.